ಬೋಟಿಗೆ ಸ್ಯಾಟಲೈಟ್ ಪೆಟ್ಟಿಗೆ ಕೂರಿಸಿದ್ದಾರೆ. ಇಟ್ಟುಕೊಳ್ಳುವುದಾ, ವಯರ್ ಕಿತ್ತು ಹಾಕುವುದಾ?

ಕಡಲಮನೆ, ಮಲ್ಪೆ
ಎಲ್ಲರಿಗೂ ನಮಸ್ಕಾರ. ನಮ್ಮದು ಟ್ರಾಲ್ ಬೋಟ್, ಡೀಪ್ ಸೀ. ಮೀನುಗಾರಿಕೆ ರಜೆಯಲ್ಲಿ ಬೋಟ್ ನಿಲ್ಲಿಸಿದ್ದಾಗ ಕ್ಯಾಬಿನ್ ಮೇಲೆ ಒಂದು ಸಣ್ಣ ಪೆಟ್ಟಿಗೆ ಕೂರಿಸಿ ಹೋದರು. ಇಸ್ರೋ ಮಾಡಿದ ಟ್ರಾನ್ಸ್‌ಪಾಂಡರ್ (ಸ್ಯಾಟಲೈಟ್ ಜೊತೆ ಮಾತಾಡುವ ಯಂತ್ರ) ಅಂತೆ, ದುಡ್ಡು ಕೊಡಬೇಕಾಗಿಲ್ಲ. ಮೊಬೈಲಿಗೆ ನಭಮಿತ್ರ ಅಂತ ಒಂದು ಆ್ಯಪ್ ಹಾಕಿಕೊಟ್ಟರು. ಬ್ಲೂಟೂತ್‌ನಲ್ಲಿ ಪೆಟ್ಟಿಗೆಗೆ ಜೋಡಿಸಿದರೆ ನೆಟ್‌ವರ್ಕ್ ಇಲ್ಲದ ಕಡೆಯಿಂದಲೂ ಮೆಸೇಜ್ ಹೋಗುತ್ತದೆ, ಆಪತ್ತಿನ ಬಟನ್ ಕೂಡ ಉಂಟು ಎಂದರು.

ಈಗ ಮನೆಯಲ್ಲಿ ದಿನಾ ಇದೇ ಚರ್ಚೆ. ಅಪ್ಪ ಹೇಳುವುದು, "ಇದು ನಮ್ಮ ಮೇಲೆ ಕಣ್ಣಿಡಲಿಕ್ಕೆ ಹಾಕಿದ್ದು." ಬೋಟ್ ನಡೆಸುವ ತಾಂಡೇಲರು ಇನ್ನೂ ಒಂದು ಹೆಜ್ಜೆ ಮುಂದೆ. ಬೋಟ್ ಅಳಿವೆ ದಾಟಿದ ಕೂಡಲೇ ವಯರ್ ತೆಗೀತೇನೆ ಎನ್ನುತ್ತಾರೆ. ಬೋಟಿನ ಲೆಕ್ಕ, ಡೀಸೆಲ್, ಐಸ್ ಎಲ್ಲ ನೋಡಿಕೊಳ್ಳುವುದು ನಾನು. ಬೋಟ್ ಹೊರಗೆ ಹೋದರೆ ವಾರ, ಹತ್ತು ದಿನ ಸುದ್ದಿ ಇರುವುದಿಲ್ಲ. ಹಾಗಾಗಿ ನನಗೆ ಅದು ಬೇಕು. ಆದರೆ ಮೊಬೈಲ್ ಟವರ್ ದಡದಲ್ಲೇ ಇದ್ದೂ ಸ್ವಲ್ಪ ದೂರ ಹೋದರೆ ಸಿಗ್ನಲ್ ಸಿಗುವುದಿಲ್ಲ. ಅಷ್ಟು ಎತ್ತರದ ಸ್ಯಾಟಲೈಟಿಗೆ ಈ ಸಣ್ಣ ಪೆಟ್ಟಿಗೆ ಹೇಗೆ ಮುಟ್ಟುತ್ತದೆ? ತಿಳಿದವರು ಹೇಳಿ.

ಉಳ್ಳಾಲದವ
ಇಟ್ಟುಕೊಳ್ಳಿ ಅಕ್ಕ. ಅದರಲ್ಲಿ ಮೀನು ಎಲ್ಲುಂಟು ಅಂತಲೂ ಕಾಣುತ್ತದೆ. ಸ್ಯಾಟಲೈಟ್ ಮೇಲಿಂದ ಫೋಟೋ ತೆಗೆಯುತ್ತದೆ.

ಸುರತ್ಕಲ್ ಇಸಿ
ಉಳ್ಳಾಲದವರೇ, ಎರಡು ಬೇರೆ ಬೇರೆ ಸ್ಯಾಟಲೈಟ್ ಅವು. ಮೀನು ಸಿಗಬಹುದಾದ ಜಾಗದ ಸೂಚನೆ ಕೊಡುವುದು ಹೈದರಾಬಾದಿನ ಇನ್‌ಕಾಯ್ಸ್. ಅವರಿಗೆ ಸಮುದ್ರದ ಬಣ್ಣ, ಮೇಲ್ಮೈ ಬಿಸಿ ಎಲ್ಲ ತಿಳಿಯುವುದು ಓಷನ್‌ಸ್ಯಾಟ್ ತರಹದ, ಧ್ರುವದಿಂದ ಧ್ರುವಕ್ಕೆ ಸುತ್ತುವ ಉಪಗ್ರಹಗಳಿಂದ. ಮೀನನ್ನೇ ಯಾವ ಉಪಗ್ರಹವೂ ನೋಡುವುದಿಲ್ಲ. ಪಾಚಿ ಜಾಸ್ತಿ ಇರುವ, ಬಿಸಿ ತಂಪು ಸೇರುವ ನೀರು ಎಲ್ಲಿದೆ ಅಂತ ನೋಡಿ, ಅಲ್ಲಿ ಮೀನು ಸೇರಬಹುದು ಎಂದು ಹೇಳುತ್ತಾರೆ. ಆ ಸೂಚನೆ ಈ ಪೆಟ್ಟಿಗೆಗೂ ಬರಬಹುದು, ಅಷ್ಟೇ.

ಪೆಟ್ಟಿಗೆ ಮಾತಾಡುವುದು ಜಿಸ್ಯಾಟ್-6 ಜೊತೆ. ಅದು ಸಂಪರ್ಕ ಉಪಗ್ರಹ, ಕ್ಯಾಮೆರಾ ಇಲ್ಲ. 2015ರ ಆಗಸ್ಟ್ 27ರಂದು ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿ ರಾಕೆಟ್‌ನಲ್ಲಿ ಹೋಯಿತು. ಭೂಮಧ್ಯರೇಖೆಯ ಮೇಲೆ 83 ಡಿಗ್ರಿ ಪೂರ್ವದಲ್ಲಿ, 35,786 ಕಿ.ಮೀ. ಎತ್ತರದಲ್ಲಿದೆ. ಆ ಎತ್ತರದಲ್ಲಿ ಒಂದು ಸುತ್ತು ಹಾಕಲು ಬೇಕಾಗುವುದು 23 ಗಂಟೆ 56 ನಿಮಿಷ. ಭೂಮಿ ತನ್ನ ಸುತ್ತ ತಿರುಗುವುದೂ ಅಷ್ಟೇ ಹೊತ್ತಿನಲ್ಲಿ. ಹಾಗಾಗಿ ಸೆಕೆಂಡಿಗೆ 3 ಕಿ.ಮೀ. ವೇಗದಲ್ಲಿ ಓಡುತ್ತಿದ್ದರೂ ನಮಗೆ ಅದು ಒಂದೇ ಕಡೆ ನಿಂತ ಹಾಗೆ.

ಕಡಲಮನೆಯವರೇ, ಟವರಿನ ಪ್ರಶ್ನೆ ಸರಿಯಾದ ಪ್ರಶ್ನೆ. ಟವರಿಗೆ ಅಡ್ಡ ಬರುವುದು ಭೂಮಿಯ ಗುಂಡಗಿನ ಮೈ. ಬೋಟ್ ದೂರ ಹೋದಷ್ಟೂ ಟವರ್ ದಿಗಂತದ ಕೆಳಗೆ ಇಳಿಯುತ್ತದೆ. ಉಪಗ್ರಹ ಹಾಗಲ್ಲ. ಮಲ್ಪೆಯಿಂದ ನೋಡಿದರೆ 83 ಡಿಗ್ರಿಯ ಜಾಗ ಆಗ್ನೇಯದ ಕಡೆ, ದಿಗಂತದಿಂದ ಸುಮಾರು 72 ಡಿಗ್ರಿ ಮೇಲೆ ಬರುತ್ತದೆ. ಹೆಚ್ಚು ಕಡಿಮೆ ನೆತ್ತಿಯ ಮೇಲೆ. ನಡುವೆ ಏನೂ ಅಡ್ಡ ಇಲ್ಲ.

ಇನ್ನು ದೂರ. ಬೋಟ್ ಅಲುಗಾಡುತ್ತಾ ಇರುತ್ತದೆ, ಪೆಟ್ಟಿಗೆಯನ್ನು ಒಂದೇ ದಿಕ್ಕಿಗೆ ತಿರುಗಿಸಿ ಇಡಲು ಆಗುವುದಿಲ್ಲ. ಅದು ಸುತ್ತಲೂ ಸಿಗ್ನಲ್ ಚೆಲ್ಲುತ್ತದೆ, ಅದೂ ಸಣ್ಣ ಶಕ್ತಿಯಲ್ಲಿ. ಆದ್ದರಿಂದ ಕೇಳಿಸಿಕೊಳ್ಳುವ ಕೆಲಸವೆಲ್ಲ ಮೇಲಿನದ್ದು. ಜಿಸ್ಯಾಟ್-6ರಲ್ಲಿ 6 ಮೀಟರ್ ಅಗಲದ ಆಂಟೆನಾ ಉಂಟು. ಹೋಗುವಾಗ ಕೊಡೆ ಮಡಚಿದ ಹಾಗೆ ಮಡಚಿ ರಾಕೆಟ್ ತಲೆಯೊಳಗೆ ತುಂಬಿಸಿದ್ದರು, ಮೇಲೆ ಹೋದ ಮೇಲೆ ಬಿಚ್ಚಿಕೊಂಡಿತು. ಅಷ್ಟು ದೊಡ್ಡ ಆಂಟೆನಾ ಇರುವುದರಿಂದಲೇ ಸಣ್ಣ ಪೆಟ್ಟಿಗೆಯ ಮಾತು ಅದಕ್ಕೆ ಕೇಳುವುದು. ಅದೂ ನಾಲ್ಕು ಸಾಲಿನ ಮೆಸೇಜ್, ಬೋಟ್ ಇರುವ ಜಾಗ, ಇಷ್ಟೇ. ವಿಡಿಯೋ ಕಳಿಸಲು ಆಗುವುದಿಲ್ಲ.

ಪರ್ಸಿನ್ ಅಣ್ಣ, ಮಂಗಳೂರು ದಕ್ಕೆ
ವಿಜ್ಞಾನ ಎಲ್ಲ ಸರಿ ಮಾರಾಯ್ರೆ. ಆದರೆ ಅವರ ಅಪ್ಪ ಹೇಳಿದ್ದನ್ನು ಯಾರೂ ಮುಟ್ಟಲೇ ಇಲ್ಲ. ಬೋಟಿನವನ ಆಸ್ತಿ ಬೋಟ್ ಅಲ್ಲ, ಅವನ ಜಿಪಿಎಸ್‌ನಲ್ಲಿರುವ ಪಾಯಿಂಟ್‌ಗಳು. ಯಾವ ಕಲ್ಲಿನ ಹತ್ತಿರ ಯಾವ ತಿಂಗಳು ಬಂಗುಡೆ ಬರುತ್ತದೆ, ಎಷ್ಟು ಮಾರು ನೀರಿನಲ್ಲಿ ಬಲೆ ಹರಿಯುತ್ತದೆ, ಇದನ್ನು ನಮ್ಮ ಹಿರಿಯರು ಬಲೆ ಹರಿಸಿಕೊಂಡು ಕಲಿತದ್ದು. ತಾಂಡೇಲ ತನ್ನ ಅಣ್ಣನಿಗೂ ಹೇಳುವುದಿಲ್ಲ. ಈಗ ಬೋಟ್ ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು ಅಂತ ಒಂದು ಆಫೀಸಿನ ಪರದೆಯ ಮೇಲೆ ಬರುತ್ತದೆ. ಅಲ್ಲಿಂದ ಹೊರಗೆ ಹೋಗುವುದಿಲ್ಲ ಅಂತ ಯಾರು ಬರೆದು ಕೊಡುತ್ತಾರೆ?

ಕಾಪು ಲೈಟ್‌ಹೌಸ್
ಪಾಯಿಂಟ್ ಮುಖ್ಯವಾ, ಏಳೆಂಟು ಜನರ ಜೀವ ಮುಖ್ಯವಾ?

ಪರ್ಸಿನ್ ಅಣ್ಣ, ಮಂಗಳೂರು ದಕ್ಕೆ
ಜೀವವೇ ಮುಖ್ಯ. ಆದರೆ ಎರಡನ್ನೂ ಉಳಿಸುವ ದಾರಿ ಕೇಳುವುದು ತಪ್ಪಾ?

ತೊಟ್ಟಂ ಬೀಡು
ಕಾಪುವಿನವರು ಹೇಳಿದ್ದಕ್ಕೆ ನಾನೂ ಸೇರಿಸುತ್ತೇನೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟ್ ನೆನಪು ಮಾಡಿಕೊಳ್ಳಿ. ಏಳು ಜನ ಇದ್ದರು. ಒಂದು ರಾತ್ರಿ ಮಾತು ನಿಂತಿತು, ಅಷ್ಟೇ. ಆಮೇಲೆ ನಾಲ್ಕೂವರೆ ತಿಂಗಳು ಇಡೀ ಕರಾವಳಿ ಕಾದು ಕೂತಿತ್ತು. ಒಬ್ಬರು ಅಪಹರಣ ಎಂದರು, ಇನ್ನೊಬ್ಬರು ಬೇರೆ ಏನೋ ಎಂದರು. ಕೊನೆಗೆ 2019ರ ಮೇ ತಿಂಗಳಲ್ಲಿ ನೌಕಾಪಡೆಯ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣ ಕಡೆ ಸಮುದ್ರದ ತಳದಲ್ಲಿ ಬೋಟಿನ ಅವಶೇಷ ಪತ್ತೆ ಮಾಡಿತು.

ಪೆಟ್ಟಿಗೆ ಇದ್ದಿದ್ದರೆ ಅವರು ಬದುಕುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಅದು ಯಾರಿಗೂ ಹೇಳಲು ಆಗದ ಮಾತು. ಆದರೆ ಬೋಟ್ ಕೊನೆಗೆ ಎಲ್ಲಿತ್ತು ಎನ್ನುವುದು ಮೊದಲ ದಿನವೇ ಗೊತ್ತಾಗುತ್ತಿತ್ತು. ಆ ಮನೆಗಳಲ್ಲಿ ಅಷ್ಟು ತಿಂಗಳು ಒಲೆ ಹೇಗೆ ಉರಿಯಿತು ಎನ್ನುವುದನ್ನು ನಾವು ಹತ್ತಿರದಿಂದ ನೋಡಿದವರು. ನಿಮ್ಮ ಅಪ್ಪನವರಿಗೆ ಇದೊಂದನ್ನು ಹೇಳಿ ತಂಗಿ.

ಕಡಲಮನೆ, ಮಲ್ಪೆ
ಹೇಳಿದ್ದೇನೆ ಅಕ್ಕ. ಆ ಹೆಸರು ಬಂದರೆ ಅಪ್ಪ ಎದ್ದು ಅಂಗಳಕ್ಕೆ ಹೋಗುತ್ತಾರೆ.

ಕಿನ್ನಿಗೋಳಿ ಡಿಶ್
ನಾನು ಊರಲ್ಲಿ ಡಿಶ್ ಕೂರಿಸುವವ. ನನ್ನದೊಂದು ಸಂಶಯ. ಆಟಿ ತಿಂಗಳ ಮಳೆಗೆ ನಮ್ಮ ಡಿಶ್‌ಗಳೆಲ್ಲ ಮಲಗಿಬಿಡುತ್ತವೆ. ಜೋರು ಮಳೆ ಬಂದ ಹತ್ತು ನಿಮಿಷಕ್ಕೆ "ಸಿಗ್ನಲ್ ಇಲ್ಲ" ಅಂತ ಫೋನ್ ಶುರು. ನೆಲದ ಮೇಲೆ ಗಟ್ಟಿಯಾಗಿ ಬಿಗಿದ ಡಿಶ್‌ನ ಕಥೆಯೇ ಹೀಗಾದರೆ ಬಿರುಗಾಳಿಯಲ್ಲಿ ಬೋಟಿನ ಪೆಟ್ಟಿಗೆ ಕೆಲಸ ಮಾಡುತ್ತದಾ? ಬೇಕಾಗುವುದೇ ಆವಾಗ ಅಲ್ವಾ?

ಸುರತ್ಕಲ್ ಇಸಿ
ಮಾಡುತ್ತದೆ. ಡಿಶ್ ಹಿಡಿಯುವುದು ಕೆಯು ಬ್ಯಾಂಡ್ ಎನ್ನುವ ರೇಡಿಯೋ ಅಲೆ. ಆ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ದಪ್ಪ ಮಳೆಹನಿ ಅದನ್ನು ನುಂಗುತ್ತದೆ, ಚದುರಿಸುತ್ತದೆ. ಬೋಟಿನ ಪೆಟ್ಟಿಗೆ ಎಸ್ ಬ್ಯಾಂಡ್. ಅಲೆ ಸುಮಾರು 12 ಸೆಂಟಿಮೀಟರ್. ಹನಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಮಂಗಳೂರಿನ ಮಳೆ ವರ್ಷಕ್ಕೆ 3,500 ಮಿ.ಮೀ. ದಾಟಿದರೂ ಎಸ್ ಬ್ಯಾಂಡ್‌ಗೆ ದೊಡ್ಡ ತೊಂದರೆ ಇಲ್ಲ. ಅದಕ್ಕೇ ಆ ಬ್ಯಾಂಡ್ ಆರಿಸಿದ್ದು ಒಳ್ಳೆಯದಾಯಿತು.

ಕಿನ್ನಿಗೋಳಿ ಡಿಶ್
ಹಾಗಾದರೆ ಸರಿ. ಆದರೆ ನನ್ನ ಅನುಭವದ ಮಾತೊಂದು ಕೇಳಿ. ಡಿಶ್ ಕೆಡುವುದು ಮಳೆಯಿಂದ ಅರ್ಧ, ಉಪ್ಪು ಗಾಳಿಯಿಂದ ಅರ್ಧ. ಸಸಿಹಿತ್ಲು, ಮುಕ್ಕ ಕಡೆ ಕಡಲ ಬದಿಯ ಮನೆಗಳಲ್ಲಿ ಬೋಲ್ಟ್ ಒಂದೇ ಮಳೆಗಾಲಕ್ಕೆ ಕೆಂಪಾಗುತ್ತದೆ. ಕೇಬಲ್ ತುದಿಯ ಕನೆಕ್ಟರ್ ಬಿಚ್ಚಿದರೆ ಒಳಗಿನ ತಾಮ್ರದ ತಂತಿ ಹಸಿರು ಹಿಡಿದು ಪುಡಿ ಪುಡಿ ಉದುರುತ್ತದೆ. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ! ಟಿವಿಯಲ್ಲಿ ಮಾತ್ರ ಚಿತ್ರ ಇಲ್ಲ.

ಬೋಟಿನಲ್ಲಿ ಇದು ಇನ್ನೂ ಜಾಸ್ತಿ. ಪೆಟ್ಟಿಗೆಯಿಂದ ಬ್ಯಾಟರಿಗೆ ಹೋಗುವ ವಯರಿನ ಜಾಯಿಂಟ್ ಎಲ್ಲಿದೆ ನೋಡಿ. ಬರೀ ಟೇಪ್ ಸುತ್ತಿದ್ದರೆ ಬಿಚ್ಚಿಸಿ, ಬೆಸುಗೆ ಹಾಕಿಸಿ, ಮೇಲೆ ರಬ್ಬರ್ ತೋಳು ಏರಿಸಿ, ಎಂ-ಸೀಲ್ ಹಚ್ಚಿಸಿ. ವಯರನ್ನು ಪೆಟ್ಟಿಗೆಗೆ ಹೋಗುವ ಮೊದಲು ಸ್ವಲ್ಪ ಕೆಳಗೆ ಜೋತು ಬಿಡಿ, ನೀರು ಆ ಬಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹರಿಯುವುದಿಲ್ಲ.

ಕಡಲಮನೆ, ಮಲ್ಪೆ
ಬರೀ ಟೇಪ್ ಸುತ್ತಿದ್ದಾರೆ ಅಣ್ಣ. ಇವತ್ತೇ ಹೋಗಿ ನೋಡಿ ಬಂದೆ. ಅಂಟು ಈಗಲೇ ಬಿಟ್ಟಿದೆ. ಕೂರಿಸಿದವರಿಗೆ ಫೋನ್ ಮಾಡಿದರೆ ಎತ್ತುವುದಿಲ್ಲ.

ಹಂಪನಕಟ್ಟೆ
ಇಷ್ಟೆಲ್ಲ ಯಾಕೆ? ಒಂದು ಸ್ಯಾಟಲೈಟ್ ಫೋನ್ ತಗೊಂಡರೆ ಮುಗಿಯಿತು. ಗಲ್ಫ್‌ನಿಂದ ಬರುವವರ ಹತ್ತಿರ ತರಿಸಿ.

ಕಾಪು ಲೈಟ್‌ಹೌಸ್
ದಯವಿಟ್ಟು ಹಾಗೆ ಮಾಡಬೇಡಿ!! ತುರಾಯಾ, ಇರಿಡಿಯಂ ಫೋನ್ ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು ಅಪರಾಧ. ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ, ಸಮುದ್ರದಲ್ಲಿ ಆನ್ ಮಾಡಿದರೆ ಕೋಸ್ಟ್ ಗಾರ್ಡ್ ಹುಡುಕಿಕೊಂಡು ಬರುತ್ತದೆ. ಕಾನೂನು ಪ್ರಕಾರ ಬೇಕಿದ್ದರೆ ಬಿಎಸ್‌ಎನ್‌ಎಲ್ ಕೊಡುವ ಇನ್‌ಮಾರ್‌ಸ್ಯಾಟ್ ಫೋನ್ ಉಂಟು. ಅದರ ಬೆಲೆ, ಮಾತಿನ ದರ ಎರಡೂ ಸಾಮಾನ್ಯ ಬೋಟಿನವರಿಗೆ ಎಟಕುವುದಲ್ಲ. ಪುಕ್ಕಟೆ ಪೆಟ್ಟಿಗೆಯ ಬೆಲೆ ಗೊತ್ತಾಗುವುದು ಇಲ್ಲೇ.

ಹಂಪನಕಟ್ಟೆ
ಮತ್ತೆ ಸ್ಟಾರ್‌ಲಿಂಕ್?

ಸುರತ್ಕಲ್ ಇಸಿ
ಅದು 550 ಕಿ.ಮೀ. ಎತ್ತರದಲ್ಲಿ ಸುತ್ತುವ, ಇಂಟರ್ನೆಟ್ ಕೊಡುವ ಸಾವಿರಾರು ಸಣ್ಣ ಉಪಗ್ರಹಗಳ ಗುಂಪು. ಹತ್ತಿರ ಇರುವುದರಿಂದ ವೇಗ ಜಾಸ್ತಿ, ತಡ ಕಡಿಮೆ. ಆದರೆ ಒಂದು ಉಪಗ್ರಹ ನಿಮಿಷಗಳಲ್ಲಿ ತಲೆ ಮೇಲಿಂದ ದಾಟಿ ಹೋಗುತ್ತದೆ, ಹಾಗಾಗಿ ಸಾವಿರಾರು ಬೇಕು. 36,000 ಕಿ.ಮೀ.ಯಲ್ಲಿ ಒಂದೇ ಇದ್ದರೆ ಇಡೀ ದೇಶಕ್ಕೆ ಸಾಕು. ಬೆಲೆ ಅದು ತಡದ ರೂಪದಲ್ಲಿ ತೆಗೆದುಕೊಳ್ಳುತ್ತದೆ. ಮೇಲೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡು, ಉತ್ತರ ವಾಪಸ್ ಬರುವಾಗ ಅರ್ಧ ಸೆಕೆಂಡು.

ಬಂದರ್ ಮಂಜಿ
ಆ ಅರ್ಧ ಸೆಕೆಂಡನ್ನು ನಾವು ಕಿವಿಯಾರೆ ಕೇಳಿದವರು. ನಮ್ಮ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಮಂಜಿಗಳಲ್ಲಿ (ಸರಕು ಸಾಗಿಸುವ ಮರದ ಹಡಗು) ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟ್ ಎಲ್ಲ ಹೋಗುತ್ತದೆ. ದ್ವೀಪದ ವ್ಯಾಪಾರಿಗಳ ಜೊತೆ ದಿನಾ ಫೋನ್. ಆವಾಗ ದ್ವೀಪದ ಎಲ್ಲ ಫೋನೂ ಇಂಥ ಉಪಗ್ರಹದ ಮೇಲೆಯೇ. ನಾವು "ಎಷ್ಟು ಮೂಟೆ?" ಎಂದು ಕೇಳಿ ಸುಮ್ನೆ ಕಾಯಬೇಕು. ಕಾಯದೆ ಮತ್ತೆ ಬಾಯಿ ತೆರೆದರೆ ಅವರ ಮಾತೂ ನಮ್ಮ ಮಾತೂ ಡಿಕ್ಕಿ. ಇಬ್ಬರೂ "ಹೇಳಿ ಹೇಳಿ" ಎನ್ನುವುದರಲ್ಲೇ ಅರ್ಧ ಕರೆ ಮುಗಿಯುತ್ತಿತ್ತು. 2024ರ ಜನವರಿಯಲ್ಲಿ ಕೊಚ್ಚಿಯಿಂದ ಸಮುದ್ರದಡಿ ಕೇಬಲ್ ಬಂದ ಮೇಲೆ ಆ ತೊಂದರೆ ಹೋಯಿತು. ಆದರೆ ಅಷ್ಟು ವರ್ಷ ದ್ವೀಪವನ್ನು ಲೋಕಕ್ಕೆ ಕಟ್ಟಿಟ್ಟದ್ದು ಸರ್ಕಾರದ ಉಪಗ್ರಹವೇ. ಖಾಸಗಿಯವರು ಅಲ್ಲಿಗೆ ಯಾಕೆ ಹೋಗುತ್ತಾರೆ, ಅಲ್ಲಿ ಇರುವುದೇ ಅರುವತ್ತು ಎಪ್ಪತ್ತು ಸಾವಿರ ಜನ.

ಅದಮಾರು ಮೇಷ್ಟ್ರು
ಚರ್ಚೆ ಇಷ್ಟು ದೂರ ಬಂತು, ನಮ್ಮ ಊರಿನವರ ಹೆಸರು ಒಬ್ಬರೂ ಎತ್ತಲಿಲ್ಲವಲ್ಲ! ಈ ಉಪಗ್ರಹಗಳ ಹಾದಿ ಹಾಕಿದವರಲ್ಲಿ ದೊಡ್ಡ ಹೆಸರು ಯು. ಆರ್. ರಾವ್. ಹುಟ್ಟಿದ್ದು 1932ರಲ್ಲಿ, ಇಲ್ಲೇ ಅದಮಾರಿನಲ್ಲಿ. ಹೈಸ್ಕೂಲು ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ. 1975ರ ಆರ್ಯಭಟ ಅವರ ಮುಂದಾಳತ್ವದಲ್ಲಿ ಆದದ್ದು. 1984ರಿಂದ 1994ರವರೆಗೆ ಇಸ್ರೋ ಅಧ್ಯಕ್ಷರು. ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಈಗ ಅವರದೇ ಹೆಸರು.

ಮಕ್ಕಳಿಗೆ ನಾನು ಯಾವಾಗಲೂ ಹೇಳುವುದು ಆ್ಯಪಲ್ ಉಪಗ್ರಹದ ಚಿತ್ರದ ಬಗ್ಗೆ. ಎತ್ತಿನ ಗಾಡಿ ಮೇಲೆ ಉಪಗ್ರಹ ಇಟ್ಟ ಚಿತ್ರ ನೋಡಿರುತ್ತೀರಿ. ಬಡತನದಿಂದ ಗಾಡಿ ತಂದರು ಎಂದು ಎಷ್ಟೋ ಜನ ತಿಳಿದಿದ್ದಾರೆ. ವಿಷಯ ಅದಲ್ಲ. ಆಂಟೆನಾ ಪರೀಕ್ಷೆ ಮಾಡಬೇಕಿತ್ತು. ಲಾರಿಯ ಮೇಲಿಟ್ಟರೆ ಅದರ ಕಬ್ಬಿಣದ ಮೈ ರೇಡಿಯೋ ಅಲೆಗಳಿಗೆ ಅಡ್ಡ ಬರುತ್ತದೆ. ಮರದ ಗಾಡಿ ಅಡ್ಡ ಬರುವುದಿಲ್ಲ. ಬುದ್ಧಿವಂತಿಕೆಯ ಕೆಲಸ ಅದು. 1981ರ ಜೂನ್‌ನಲ್ಲಿ ಫ್ರೆಂಚ್ ಗಯಾನಾದ ಕೌರೂನಿಂದ ಏರಿಯಾನ್ ರಾಕೆಟ್‌ನಲ್ಲಿ ಹೋಯಿತು. ನಾವೇ ಕಟ್ಟಿ ಭೂಸ್ಥಿರ ಕಕ್ಷೆಗೆ (ಒಂದೇ ಕಡೆ ನಿಂತ ಹಾಗೆ ಕಾಣುವ ಆ ಎತ್ತರಕ್ಕೆ) ಕಳಿಸಿದ ಮೊದಲ ಸಂಪರ್ಕ ಉಪಗ್ರಹ ಅದು.

ಉಳ್ಳಾಲದವ
ಮೇಷ್ಟ್ರೇ, ಗಾಡಿಯ ವಿಷಯ ಇವತ್ತು ಗೊತ್ತಾಯಿತು. ಧನ್ಯವಾದ.

ಹಾಸನದ ಸೊಸೆ
ನಾನು ಬ್ರಹ್ಮಾವರದವಳು, ಕೊಟ್ಟದ್ದು ಹಾಸನಕ್ಕೆ. ಈ ಉಪಗ್ರಹಗಳನ್ನು ಹಗಲೂ ರಾತ್ರಿ ನೋಡಿಕೊಳ್ಳುವ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನಮ್ಮ ಊರಿನಲ್ಲೇ ಇದೆ, 1982ರಿಂದ. ಬಸ್ಸಲ್ಲಿ ಹೋಗುವಾಗ ದೊಡ್ಡ ದೊಡ್ಡ ಬಿಳಿ ಆಂಟೆನಾಗಳು ಕಾಣುತ್ತವೆ. ಇನ್ನೊಂದು ಕೇಂದ್ರ ಭೋಪಾಲ್‌ನಲ್ಲಿ.

"ಮೇಲೆ ಬಿಟ್ಟರೆ ಆಯಿತು, ಅಲ್ಲೇ ಇರುತ್ತದೆ" ಅಂತ ನಮ್ಮ ಮನೆಯಲ್ಲೂ ಹೇಳುತ್ತಾರೆ. ಇರುವುದಿಲ್ಲ. ಸೂರ್ಯ, ಚಂದ್ರ ಎಳೆಯುತ್ತಾರೆ, ಭೂಮಿ ಸರಿಯಾಗಿ ಗುಂಡಗಿಲ್ಲ, ಉಪಗ್ರಹ ಮೆಲ್ಲ ಮೆಲ್ಲ ಜಾಗ ಬಿಡುತ್ತದೆ. ಹಾಸನದಿಂದ ಆಜ್ಞೆ ಕೊಟ್ಟು ಅದರ ಸಣ್ಣ ಇಂಜಿನ್ ಉರಿಸಿ ಮತ್ತೆ ಜಾಗಕ್ಕೆ ತರುತ್ತಾರೆ. ಆ ಇಂಧನ ಮುಗಿದ ದಿನ ಉಪಗ್ರಹದ ಕೆಲಸವೂ ಮುಗಿಯಿತು. ಉಳಿದ ಚೂರು ಇಂಧನದಲ್ಲಿ ಅದನ್ನು ಕೆಲವು ನೂರು ಕಿ.ಮೀ. ಮೇಲಕ್ಕೆ ಸರಿಸಿ ಬಿಡುತ್ತಾರೆ, ಮುಂದಿನದಕ್ಕೆ ಜಾಗ ಬೇಕಲ್ಲ.

ಪರ್ಸಿನ್ ಅಣ್ಣ, ಮಂಗಳೂರು ದಕ್ಕೆ
ಅಕ್ಕ, ಹಾಗಾದರೆ ಒಂದು ಪ್ರಶ್ನೆ. 2015ರಲ್ಲಿ ಹೋದದ್ದು ಎಂದರು. ಅದಕ್ಕೆ ಆಯಸ್ಸು ಎಷ್ಟು?

ಸುರತ್ಕಲ್ ಇಸಿ
ಹೋಗುವಾಗ ಹಾಕಿದ ಲೆಕ್ಕ 9 ವರ್ಷ. ಲೆಕ್ಕಕ್ಕಿಂತ ಜಾಸ್ತಿ ಬಾಳಿದ ಉಪಗ್ರಹ ಬೇಕಾದಷ್ಟಿವೆ, ಇಂಧನ ಉಳಿದಷ್ಟು ದಿನ ನಡೆಯುತ್ತದೆ. ಆದರೆ ಜೊತೆಗಿರಲಿ ಎಂದು ಕಳಿಸಿದ ಜಿಸ್ಯಾಟ್-6ಎ ಕೈ ತಪ್ಪಿತು. 2018ರ ಮಾರ್ಚ್ 29ರಂದು ರಾಕೆಟ್ ಸರಿಯಾಗಿಯೇ ಬಿಟ್ಟಿತ್ತು. ಕಕ್ಷೆ ಎತ್ತರಿಸುವಾಗ ಎರಡನೇ ಸಲ ಇಂಜಿನ್ ಉರಿಸಿದ ಮೇಲೆ ಸಂಪರ್ಕ ಕಡಿಯಿತು, ಮತ್ತೆ ಸಿಗಲಿಲ್ಲ.

ಪರ್ಸಿನ್ ಅಣ್ಣ, ಮಂಗಳೂರು ದಕ್ಕೆ
ನೋಡಿ, ಇದನ್ನೇ ನಾನು ಕೇಳುವುದು. ದೇಶದಲ್ಲಿ ಒಂದು ಲಕ್ಷ ಬೋಟಿಗೆ ಪೆಟ್ಟಿಗೆ, 364 ಕೋಟಿ ರೂಪಾಯಿ ಯೋಜನೆ, 2024ರ ಆಗಸ್ಟ್‌ನಲ್ಲಿ ಪಾಲ್ಘರ್‌ನಲ್ಲಿ ಪ್ರಧಾನಿ ಶುರು ಮಾಡಿದರು. ಒಳ್ಳೆಯದೇ. ಆದರೆ ಕೆಳಗೆ ಲಕ್ಷ ಪೆಟ್ಟಿಗೆ, ಮೇಲೆ ವಯಸ್ಸಾದ ಉಪಗ್ರಹ. ಬದಲಿಯದ್ದು ಬೇಗ ಬರಬೇಕು. ನೌಕಾಪಡೆಗೆ ಬೇಕಾದಾಗ ಬಂತಲ್ಲ.

ಕಾಪು ಲೈಟ್‌ಹೌಸ್
ನೌಕಾಪಡೆಗೆ 2013ರಲ್ಲಿ ಜಿಸ್ಯಾಟ್-7 ಹೋಯಿತು, ಅದರ ಬದಲಿ ಬರಲು 2025ರ ನವೆಂಬರ್ 2ರವರೆಗೆ ಕಾಯಬೇಕಾಯಿತು. ಸಿಎಂಎಸ್-03, 4,410 ಕಿಲೋ, ನಮ್ಮದೇ ಎಲ್‌ವಿಎಂ-3 ರಾಕೆಟ್ ಎತ್ತಿಕೊಂಡು ಹೋಯಿತು. ಇಷ್ಟು ಭಾರದ ಸಂಪರ್ಕ ಉಪಗ್ರಹಕ್ಕೆ ಮೊದಲು ವಿದೇಶಿ ರಾಕೆಟ್ ಬೇಕಿತ್ತು. ಅವರೂ ಕಾದಿದ್ದಾರೆ. ಆದರೆ ನಿಮ್ಮ ಮಾತು ನಿಜ, ಮೀನುಗಾರರೂ ಗಟ್ಟಿಯಾಗಿ ಕೇಳಬೇಕು.

ತೊಟ್ಟಂ ಬೀಡು
2017ರ ಒಖಿ ಚಂಡಮಾರುತ ಬಂದಾಗ ಕೇರಳ, ತಮಿಳುನಾಡಿನ ಎಷ್ಟೋ ಬೋಟ್‌ಗಳು ಆಗಲೇ ಆಳ ಸಮುದ್ರದಲ್ಲಿದ್ದವು. ಹವಾಮಾನದವರು ಹೇಳಿದ್ದು ಅವರಿಗೆ ತಲುಪಲು ದಾರಿಯೇ ಇರಲಿಲ್ಲ. ಅದಾದ ಮೇಲೆ ಜೆಮಿನಿ ಅಂತ ಒಂದು ಯಂತ್ರ ಬಂತು, ಅದು ಒಂದೇ ಕಡೆಯ ಮಾತು. ದಡದ ಎಚ್ಚರಿಕೆ ಬೋಟಿಗೆ ಬರುತ್ತದೆ, ಬೋಟಿನಿಂದ ಉತ್ತರ ಹೋಗುವುದಿಲ್ಲ. ಈಗಿನದ್ದು ಎರಡೂ ಕಡೆ. ಇಂಜಿನ್ ಕೆಟ್ಟಿದೆ, ಒಬ್ಬರಿಗೆ ಎದೆನೋವು, ಎಲ್ಲ ಬರೆದು ಕಳಿಸಬಹುದು. ನನಗೆ ದೊಡ್ಡ ವ್ಯತ್ಯಾಸ ಇದೇ.

ಕಡಲಮನೆ, ಮಲ್ಪೆ
ಎಲ್ಲವನ್ನೂ ಮನೆಯಲ್ಲಿ ಓದಿ ಹೇಳಿದೆ. ತಾಂಡೇಲರು ಕೇಳಿದ್ದು ಒಂದೇ. "ಗೋವಾ, ಮಹಾರಾಷ್ಟ್ರದ ಕಡೆ ಹೋದಾಗ ಆ ರಾಜ್ಯಕ್ಕೆ ಸೇರಿದ 12 ನಾಟಿಕಲ್ ಮೈಲಿನ ಒಳಗೆ ಬಂದಿದ್ದೀರಿ ಅಂತ ಹಿಡಿದರೆ ಈ ಪೆಟ್ಟಿಗೆ ನಮ್ಮ ಪರವಾಗಿ ಸಾಕ್ಷಿ ಹೇಳುತ್ತದಾ?"

ಕಾಪು ಲೈಟ್‌ಹೌಸ್
ಹೊರಗಿದ್ದರೆ ಹೊರಗಿದ್ದೀರಿ ಅಂತಲೇ ದಾಖಲೆ ಇರುತ್ತದೆ. ಒಳಗಿದ್ದರೆ ಅದೂ ಇರುತ್ತದೆ. ಗಡಿ ಹತ್ತಿರ ಬಂದರೆ ಮೊದಲೇ ಎಚ್ಚರಿಸುವ ವ್ಯವಸ್ಥೆಯೂ ಇದೆ. ನಿಯಮದ ಪ್ರಕಾರ ಹೋಗುವ ತಾಂಡೇಲರಿಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಇನ್ನೊಂದಿಲ್ಲ.

ಪರ್ಸಿನ್ ಅಣ್ಣ, ಮಂಗಳೂರು ದಕ್ಕೆ
ಆ ದಾಖಲೆ ಬೋಟಿನ ಮಾಲೀಕನ ಕೈಗೂ ಸಿಗಬೇಕು, ಆಗ ಮಾತ್ರ ಸಾಕ್ಷಿ. ಮುಂದಿನ ಸಲ ಇಲಾಖೆಯವರು ಬಂದರಿಗೆ ಬಂದಾಗ ಎಲ್ಲ ಸಂಘದವರೂ ಸೇರಿ ಬರವಣಿಗೆಯಲ್ಲಿ ಕೇಳೋಣ. ದಾಖಲೆ ಯಾರ್ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ, ನಮಗೆ ಪ್ರತಿ ಕೊಡುತ್ತಾರಾ? ಜಿಸ್ಯಾಟ್-6ರ ನಂತರ ಯಾವುದು? ಪೆಟ್ಟಿಗೆ ಕೆಟ್ಟರೆ ಯಾರ ಹತ್ತಿರ ಹೋಗಬೇಕು?

ಕಿನ್ನಿಗೋಳಿ ಡಿಶ್
ಕೊನೆಯದನ್ನು ಮೊದಲು ಕೇಳಿ ಅಣ್ಣ. ಮಲ್ಪೆಗೊಬ್ಬ, ಮಂಗಳೂರಿಗೊಬ್ಬ, ಗಂಗೊಳ್ಳಿಗೊಬ್ಬ ರಿಪೇರಿಯವ ಬಂದರಿನಲ್ಲೇ ಕೂರಬೇಕು. ಕಡಲಮನೆ ತಂಗಿ, ಸೋಮವಾರ ನಾನು ಉಡುಪಿ ಕಡೆ ಬರುವವನಿದ್ದೇನೆ. ಬೋಟ್ ಇನ್ನೂ ಹೊರಟಿಲ್ಲದಿದ್ದರೆ ಜಾಯಿಂಟ್ ನೋಡಿ ಬೆಸುಗೆ ಹಾಕಿಕೊಡುತ್ತೇನೆ. ತಾಂಡೇಲರನ್ನೂ ಅಲ್ಲೇ ಇರಲು ಹೇಳಿ, ವಯರ್ ಎಲ್ಲಿ ಹೋಗುತ್ತದೆ ಅಂತ ಅವರಿಗೂ ತೋರಿಸುತ್ತೇನೆ.